ಎರಡು ನಿಮಿಷ ಹತ್ತು ಸೆಕೆಂಡು

ಕೊಟ್ಟೂರಿನ ಶಾಲಾ ಮೈದಾನದಲ್ಲಿ ಆವತ್ತು ಸಂಜೆ ಆರು ಗಂಟೆಗೆಲ್ಲ ನನ್ನ ಕೆಲಸ ಬಹುತೇಕ ಮುಗಿದಿತ್ತು. ವೇದಿಕೆಯ ಎರಡೂ ಬದಿಗೆ ಸ್ಪೀಕರ್ ಏರಿಸಿ, ಡ್ರಮ್ಸಿಗೆ ಐದು ಮೈಕು ಕಟ್ಟಿ, ಹಾಡುವವರಿಗೆ ತಮ್ಮ ದನಿ ಕೇಳಲೆಂದು ಕಾಲ ಬಳಿ ಮಾನಿಟರ್ ಇಟ್ಟು, ದನಿ ಹೊಂದಿಸುವ ಮಿಕ್ಸರ್ ಎದುರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದೆ. ಉಳಿದದ್ದು ಒಂದೇ. ಹೊಸ ಹಾಡಿಗೆ ದನಿ ಹಿಂದೆಯೇ ಇನ್ನೊಮ್ಮೆ ಕೇಳಿ ಬರುವ ಹಾಗೆ ಮಾಡಬೇಕಿತ್ತು. ಆ ಮರುದನಿ ಹಾಡಿನ ಲಯಕ್ಕೆ ಸರಿಯಾಗಿ ಬೀಳಬೇಕು, ಇಲ್ಲದಿದ್ದರೆ ಕಿವಿಗೆ ಕಲ್ಲು ಸಿಕ್ಕಿದ ಹಾಗಾಗುತ್ತದೆ. ಗಿಟಾರ್ ನುಡಿಸಿ ಹಾಡುವವನಿಗೆ ಮೆಸೇಜ್ ಹಾಕಿದೆ: ಹೊಸ ಹಾಡನ್ನು ಒಂದೆರಡು ನಿಮಿಷ ಹಾಡಿ ಕಳಿಸು, ಲಯ ಅಳೆದುಕೊಳ್ಳುತ್ತೇನೆ.

ಅವನು, ಅವನ ಜೊತೆ ಹಾಡುವ ಹುಡುಗಿ ಮತ್ತು ಡ್ರಮ್ಸ್ ಬಾರಿಸುವವನು, ಮೂವರೂ ಆಗ ಹರಪನಹಳ್ಳಿಯಿಂದ ಕಾರಿನಲ್ಲಿ ಬರುತ್ತಿದ್ದರು. ಕಾರು ಡ್ರಮ್ಸಿನವನದು, ಓಡಿಸುತ್ತಿದ್ದವನೂ ಅವನೇ. ನಾನು ಹರಪನಹಳ್ಳಿಯಲ್ಲಿ ಮೈಕ್‌ಸೆಟ್ ಅಂಗಡಿ ನಡೆಸುವವಳು. ಸಾಮಾನು ತುಂಬಿದ ಗಾಡಿಯಲ್ಲಿ ಯಾವಾಗಲೂ ನಾಲ್ಕು ತಾಸು ಮೊದಲೇ ಹೋಗಿಬಿಡುತ್ತೇನೆ. ನಾನು ಆ ಕಾರಿನಲ್ಲಿ ಇರದೆ ಇದ್ದದ್ದಕ್ಕೆ ಅದಕ್ಕಿಂತ ದೊಡ್ಡ ಕಾರಣವೇನೂ ಇಲ್ಲ.

ಈ ಮೂವರು ನಮ್ಮ ಕಡೆ ಯಾರೂ ಮಾಡದ ಕೆಲಸಕ್ಕೆ ಕೈ ಹಾಕಿದ್ದರು. ಸಿನಿಮಾ ಹಾಡು ಹಾಡುತ್ತಿರಲಿಲ್ಲ. ಗಿಟಾರು, ಡ್ರಮ್ಸು ಇಟ್ಟುಕೊಂಡು, ನಮ್ಮ ಬಸ್‌ಸ್ಟ್ಯಾಂಡಿನ ಮಾತಿನಲ್ಲಿ, ತಾವೇ ಕಟ್ಟಿದ ಹಾಡನ್ನು ಗಂಟಲು ಬಿಚ್ಚಿ ಹಾಡುತ್ತಿದ್ದರು. ಗಿಟಾರಿನವನು ಮೆಕ್ಕೆಜೋಳದ ವ್ಯಾಪಾರಿಯ ಮಗ. ಹುಡುಗಿ ದವಾಖಾನೆಯಲ್ಲಿ ನರ್ಸು. ಡ್ರಮ್ಸಿನವನು ಸರ್ಕಾರಿ ಕಚೇರಿಯ ಗುಮಾಸ್ತ. ಅವನ ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಅವನ ತಾತ ಬಾರಿಸುತ್ತಿದ್ದ ಹಲಗೆ. ಹೂವಿನಹಡಗಲಿಯಲ್ಲಿ, ಹಗರಿಬೊಮ್ಮನಹಳ್ಳಿಯಲ್ಲಿ ಕಾಲೇಜಿನ ಹುಡುಗರು ಇವರ ಹಾಡನ್ನು ಬಾಯಿಪಾಠ ಮಾಡಿಕೊಂಡಿದ್ದರು. ಕೊಟ್ಟೂರಿನದು ಬರೀ ತಮ್ಮ ಹಾಡುಗಳಿಂದಲೇ ತುಂಬಿದ ಅವರ ಮೊದಲ ಕಾರ್ಯಕ್ರಮ.

ಆರೂ ಇಪ್ಪತ್ತಕ್ಕೆ ವಾಯ್ಸ್ ಮೆಸೇಜ್ ಬಂತು. ಎರಡು ನಿಮಿಷ ಹತ್ತು ಸೆಕೆಂಡು. ಕೇಳಿ, ಲಯ ಅಳೆದು, ಮರುದನಿ ಹೊಂದಿಸಿದೆ. ಆರೂವರೆಗೆ ಬರಬೇಕಾದವರು ಏಳಾದರೂ ಬರಲಿಲ್ಲ. ಮೂವರ ಫೋನೂ ಎತ್ತುವವರಿಲ್ಲ. ಮೈದಾನದಲ್ಲಿ ಜನ ಕೂತು ಸಿಳ್ಳೆ ಹಾಕತೊಡಗಿದ್ದರು. ಸಂಘಟಕರ ಪೈಕಿ ಒಬ್ಬರು ಮಿಕ್ಸರ್ ಹತ್ತಿರ ಬಂದು ನಿಂತರು. 

"ಏನ್ರಿ?" ಅಂದೆ.

"ಹಳ್ಳದ ಸೇತುವಿ ದಾಟಿದ ಮ್ಯಾಗ ಒಂದು ಜ್ವಾಳದ ಟ್ರೇಲರ್ ನಿಂತಿತ್ತಂತ, ಅಕ್ಕಾರ. ಹಿಂದಿಂದ ಹೋಗಿ ಹೊಡ್ದಾರ." ಅವರು ವೇದಿಕೆಯತ್ತ ನೋಡಿದರು. "ಮೂರೂ ಮಂದಿ ಹೋದ್ರು."

ಮೈಕು ಹಿಡಿದು ಜನಕ್ಕೆ ಹೇಳಲು ಯಾರೂ ಮುಂದೆ ಬರಲಿಲ್ಲ. ನಾನೇ ಹೇಳಿದೆ. ಹುಡುಗಿ ಹಾಡುವ ಮೈಕಿನಲ್ಲೇ ಹೇಳಿದೆ. ಮರುದನಿ ಆರಿಸಿರಲಿಲ್ಲ, ಹಾಗಾಗಿ ಆ ಸುದ್ದಿ ಮೈದಾನಕ್ಕೆಲ್ಲ ಎರಡೆರಡು ಸಲ ಕೇಳಿತು.

ಮೂವರ ಮಣ್ಣೂ ಒಂದೇ ದಿನ ಆಯಿತು, ಮೂರು ಬೇರೆ ಬೇರೆ ಜಾಗದಲ್ಲಿ. ಮೂರನೆಯ ದಿನದ ಹೊತ್ತಿಗೆ ಊರಲ್ಲಿ ಕತೆ ತಯಾರಾಗಿತ್ತು. ಡ್ರಮ್ಸಿನವನು ಕುಡಿದಿದ್ದನಂತೆ. ತೊಂಬತ್ತರಲ್ಲಿ ಓಡಿಸಿದನಂತೆ. ಆ ಹುಡುಗಿ ನಗಿಸುತ್ತಿದ್ದಳಂತೆ, ಇವನ ಕಣ್ಣು ಅವಳ ಮೇಲಿತ್ತಂತೆ. ನಿಂತ ಟ್ರೇಲರಿನ ಬಗ್ಗೆ ಯಾರೂ ಏನೂ ಹೇಳುತ್ತಿರಲಿಲ್ಲ. ಅದರ ಮಾಲೀಕ ದೊಡ್ಡ ಕುಳ. ಅಚ್ಚು ಮುರಿದ ಟ್ರೇಲರನ್ನು ಹಿಂದೆ ದೀಪವಿಲ್ಲದೆ, ಕೆಂಪು ಪಟ್ಟಿಯಿಲ್ಲದೆ ರಸ್ತೆ ಮೇಲೆ ಬಿಟ್ಟು ಅವನ ಚಾಲಕ ಟ್ರ್ಯಾಕ್ಟರ್ ಹೊಡೆದುಕೊಂಡು ಹೋಗಿದ್ದ. ಮರುದಿನ ಬೆಳಗಾಗುವಷ್ಟರಲ್ಲಿ ಟ್ರೇಲರೂ ಅಲ್ಲಿರಲಿಲ್ಲ.

ಒಂದು ತಿಂಗಳಾದ ಮೇಲೆ ನನ್ನ ಅಂಗಡಿಗೆ ಒಬ್ಬಾಕೆ ಬಂದರು. ಹೆಗಲಿಗೆ ಬ್ಯಾಗು, ಬೆರಳ ತುದಿಯಲ್ಲಿ ಸೀಮೆಸುಣ್ಣದ ಪುಡಿ. ಡ್ರಮ್ಸಿನವನ ಅಕ್ಕ, ಕೂಡ್ಲಿಗಿಯ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಮಣ್ಣಿನ ದಿನ ದೂರದಿಂದ ನೋಡಿದ್ದೆ, ಮಾತಾಡಿರಲಿಲ್ಲ.

"ಅಕ್ಕಾರ, ಸ್ಟೇಷನ್ನಿಂದ ಬಂದೆ. ಕೇಸು ಮುಗಸ್ತಾರಂತ," ಅಂದರು.

"ಮುಗಸ್ತಾರಂದ್ರ?"

"ಅತಿ ವೇಗ, ಅಜಾಗರೂಕತೆ. ಆರೋಪಿ ನನ್ನ ತಮ್ಮ. ಆರೋಪಿ ಸತ್ತಿರೋದ್ರಿಂದ ಪ್ರಕರಣ ಮುಕ್ತಾಯ ಅಂತ ಬರದು ಕೋರ್ಟಿಗೆ ಕಳಸ್ತಾರ. ಗಿಟಾರಿನವನ ಅಪ್ಪ ಕಂಪ್ಲೇಂಟ್ ಕೊಟ್ಟಾನ. ಸತ್ತವ ಎದ್ದು ಬಂದು ವಾದ ಮಾಡಂಗಿಲ್ಲ ನೋಡ್ರಿ, ಅದಕ್ಕ ಎಲ್ಲಾರಿಗೂ ಸುಲಭ ಆಗೈತಿ." ಅವರು ಅಳಲಿಲ್ಲ. "ನಿಮಗ ಏನೋ ಹಾಡು ಕಳಿಸಿದ್ರಂತಲ್ಲ, ಕಾರಿನಾಗಿಂದ. ನನಗ ತಮ್ಮನ ದನಿ ಒಂದ್ಸಲ ಕೇಳಬೇಕಿತ್ತು. ಅಷ್ಟ."

ಆ ಮೆಸೇಜನ್ನು ನಾನು ಆವತ್ತಿನಿಂದ ತೆರೆದಿರಲಿಲ್ಲ. ಲ್ಯಾಪ್‌ಟಾಪಿಗೆ ಹಾಕಿ, ಒಳ್ಳೆಯ ಹೆಡ್‌ಫೋನ್ ಅವರಿಗೊಂದು, ನನಗೊಂದು ಕೊಟ್ಟು ಕೇಳಿದೆವು. ಗಿಟಾರಿನವನು ಹಾಡುತ್ತಾನೆ, ಹುಡುಗಿ ದನಿಗೂಡಿಸುತ್ತಾಳೆ. ಕೊನೆಯಲ್ಲಿ ಅವಳು ಫೋನಿನ ಹತ್ತಿರ ಬಾಯಿ ತಂದು ಹೇಳುತ್ತಾಳೆ: "ಅಕ್ಕಾ, ನನ್ನ ಮೈಕಿಗೆ ಎಕೋ ಜಾಸ್ತಿ ಹಾಕಬ್ಯಾಡ. ನನ್ನ ಮಾತು ಮಂದಿಗೆ ತಿಳೀಬೇಕು." ಅಲ್ಲಿಗೆ ಮೆಸೇಜು ಮುಗಿಯುತ್ತದೆ. ಡ್ರಮ್ಸಿನವನ ಮಾತು ಎಲ್ಲೂ ಸ್ಪಷ್ಟವಿಲ್ಲ. ಎಂಜಿನ್ನಿನ ಗುಂಯ್ ಶಬ್ದ ಎಲ್ಲವನ್ನೂ ಮುಚ್ಚಿತ್ತು.

ಟೀಚರು ಹೆಡ್‌ಫೋನ್ ತೆಗೆಯಲಿಲ್ಲ. ಪರದೆಯ ಮೇಲೆ ದನಿಯ ಗೀರುಗಳು ಏಳುತ್ತ ಬೀಳುತ್ತ ಓಡುತ್ತವಲ್ಲ, ಅದನ್ನು ನೋಡುತ್ತಿದ್ದರು. ಎರಡು ಕಡೆ ಉದ್ದನೆಯ ಗೀರು ಎದ್ದಿತ್ತು.

"ಇವೇನ್ರಿ?"

"ಮೊದಲನೇದು ಹಳ್ಳದ ಈಚಿ ಶಾಲಿ ಮುಂದ ರಸ್ತಿಗೆ ಅಡ್ಡ ಹಾಕಿದ ಹಂಪು. ಎರಡನೇದು ಸೇತುವಿ. ರಸ್ತಿಗೂ ಸೇತುವಿಗೂ ನಡುವ ಒಂದು ಸಂದು ಐತಲ್ರಿ, ಗಾಲಿ ಅದರ ಮ್ಯಾಗ ಹೋದಾಗ ದಡ್ ಅಂತೈತಿ."

"ಹಂಗಾದ್ರ ಹಂಪಿನಿಂದ ಸೇತುವಿಗೆ ಎಷ್ಟು ಸೆಕೆಂಡ್ ಹಿಡೀತು ಅಂತ ಇದರಾಗ ಐತಿ." ಅವರು ನನ್ನತ್ತ ತಿರುಗಿದರು. "ದೂರ ನಾ ಅಳೀತೀನಿ. ಹೊತ್ತು ನೀವು ಅಳದು ಕೊಡ್ರಿ."

ಇಪ್ಪತ್ತು ವರ್ಷ ದನಿಯ ಜೊತೆಗೇ ಬದುಕಿದವಳಿಗೆ ಹೊಳೆಯದ್ದು ಆಕೆಗೆ ಹೊಳೆದಿತ್ತು. ಅವರು ಬಸ್ಸು ಹಿಡಿದು ಹೋದ ಮೇಲೆ ಕೂತು ಫೈಲನ್ನು ಸೆಕೆಂಡು ಸೆಕೆಂಡಾಗಿ ಕೇಳಿದೆ. ಆಗ ನನಗೆ ಒಂದು ಶಬ್ದ ಕೇಳಿಸಿತು. ಹಂಪಿಗೂ ಸೇತುವೆಗೂ ನಡುವೆ ಯಾರೋ ತಾಳ ಬಾರಿಸುತ್ತಿದ್ದರು. ಬೆರಳಿನಿಂದ, ಯಾವುದೋ ಗಟ್ಟಿ ವಸ್ತುವಿನ ಮೇಲೆ, ಹದಿನೆಂಟು ಸೆಕೆಂಡು. ಕಾರಿನಲ್ಲಿ ತಾಳದ ಮನುಷ್ಯ ಒಬ್ಬನೇ. ಅವನ ಎದುರು ಇದ್ದದ್ದು ಸ್ಟೇರಿಂಗು.

ಆಮೇಲೆ ನಾನು ಮಾಡಿದ್ದನ್ನು ಮುಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ. ಆ ಹದಿನೆಂಟು ಸೆಕೆಂಡನ್ನು ಕತ್ತರಿಸಿ ತೆಗೆದೆ. ಎರಡೂ ತುದಿಯನ್ನು ಗುರುತು ಸಿಗದ ಹಾಗೆ ಬೆಸೆದೆ. ಅದು ನನಗೆ ಎಡಗೈ ಕೆಲಸ. ಸತ್ತವನ ಮೇಲೆ ಇನ್ನೊಂದು ಕಲ್ಲು ಬೀಳುವುದನ್ನು ತಪ್ಪಿಸುತ್ತಿದ್ದೇನೆ ಅಂದುಕೊಂಡೆ. ಟೀಚರಿಗೆ ಆ ಫೈಲನ್ನೇ ಕಳಿಸಿದೆ.

ಮುಂದಿನ ಭಾನುವಾರ ಬೆಳಗ್ಗೆ ಇಬ್ಬರೂ ಆ ರಸ್ತೆಗೆ ಹೋದೆವು. ಟೇಪು ಹಿಡಿದು ಹಂಪಿನಿಂದ ಸೇತುವೆಯ ಸಂದಿನವರೆಗೆ ಅಳೆದೆವು. ಮುನ್ನೂರು ಮೀಟರು. ಸೇತುವೆಯಿಂದ ಟ್ರೇಲರ್ ನಿಂತಿದ್ದ ಜಾಗಕ್ಕೆ ಅರ್ಧ ಕಿಲೋಮೀಟರು, ನಿಧಾನಕ್ಕೆ ಏರುವ ರಸ್ತೆ. ಅಲ್ಲಿ ಡಾಂಬರಿನ ಮೇಲೆ ಗಾಜಿನ ಚೂರು ಇನ್ನೂ ಇದ್ದವು. ಟೀಚರು ಅತ್ತ ಹೋಗಲಿಲ್ಲ. ಸೇತುವೆಯ ಕಟ್ಟೆ ಮೇಲೆ ಕೂತು ನೋಟ್‌ಬುಕ್ ತೆರೆದು ಲೆಕ್ಕ ಮಾಡಿದರು. ಅಳಿಸಿ ಇನ್ನೊಮ್ಮೆ ಮಾಡಿದರು. ಆಮೇಲೆ ಪೆನ್ನನ್ನು ಮುಚ್ಚಿದರು.

"ಎಂಬತ್ಮೂರು," ಅಂದರು.

"ಏನು?"

"ಹದಿಮೂರು ಸೆಕೆಂಡಿನಾಗ ಮುನ್ನೂರು ಮೀಟರ್. ಅಂದ್ರ ತಾಸಿಗೆ ಎಂಬತ್ಮೂರು ಕಿಲೋಮೀಟರ್. ಪೊಲೀಸ್ರು ಅಂದದ್ದು ಖರೇನ ಐತಿ, ಅಕ್ಕಾರ. ನನ್ನ ತಮ್ಮ ಓಡಿಸ್ಯಾನ." ಅವರ ಮುಖ ಬೂದಿಯ ಹಾಗಾಗಿತ್ತು. "ಲೆಕ್ಕ ಸುಳ್ಳು ಹೇಳಂಗಿಲ್ಲ. ನಡೀರಿ, ಹೋಗಾಣ."

ಹೋಗೋಣ ಅಂದರೂ ಅವರು ಏಳಲಿಲ್ಲ.  ಅವನನ್ನು ಉಳಿಸಲೆಂದು ಕತ್ತರಿಸಿದ ಹದಿನೆಂಟು ಸೆಕೆಂಡೇ ಅವನನ್ನು ಅಪರಾಧಿ ಮಾಡಿತ್ತು.

"ಟೀಚರ್, ಲೆಕ್ಕ ಸರಿ ಐತಿ. ಫೈಲು ಸರಿ ಇಲ್ಲ," ಅಂದೆ. ಎಲ್ಲವನ್ನೂ ಹೇಳಿದೆ. ತಾಳದ ಶಬ್ದವನ್ನೂ ಹೇಳಿದೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ನೋಟ್‌ಬುಕ್ ಎಳೆದುಕೊಂಡರು. ಮತ್ತೆ ಪೆನ್ನು ತೆಗೆದರು. ಹದಿಮೂರಕ್ಕೆ ಹದಿನೆಂಟು ಕೂಡಿಸಿದರು. ಮೂವತ್ತೊಂದು ಸೆಕೆಂಡಿಗೆ ಮುನ್ನೂರು ಮೀಟರು, ತಾಸಿಗೆ ಮೂವತ್ತೈದು ಕಿಲೋಮೀಟರು.

"ಇನ್ನ ಮುಂದ ಇದರಾಗ ಒಂದು ಚೂರೂ ಕಡೀಬ್ಯಾಡ್ರಿ," ಅಂದರು. "ಅವ ಸ್ಟೇರಿಂಗ್ ಮ್ಯಾಗ ಬಾರಿಸಿದ್ರ ಬಾರಿಸ್ಯಾನ. ಎಲ್ಲಾನೂ ಇದ್ದಂಗ ಕೊಡೂಣು. ತಪ್ಪಿದ್ರ ತಪ್ಪು ಅಂತ ನಾನ ಒಪ್ಕೋತೀನಿ. ಆದ್ರ ಮಾಡದ ತಪ್ಪು ನನ್ನ ತಮ್ಮನ ಹೆಸರಿನ ಮ್ಯಾಗ ನಾ ಇರೂತನಕ ಇರಾಕ ಬಿಡಂಗಿಲ್ಲ."

ಆ ಕಟ್ಟೆಯ ಮೇಲೆ ನಾನು ಆಕೆಗೆ ಮಾತು ಕೊಟ್ಟೆ. ಅಲ್ಲಿಯವರೆಗೆ ನಾನು ಸಹಾಯ ಮಾಡುವವಳಾಗಿದ್ದೆ. ಅಲ್ಲಿಂದ ಮುಂದೆ ಅದು ನನ್ನ ಕೆಲಸವೂ ಆಯಿತು.

ಸಬ್ ಇನ್ಸ್‌ಪೆಕ್ಟರು ಕೆಟ್ಟ ಮನುಷ್ಯರಲ್ಲ. ಕುರ್ಚಿ ಕೊಟ್ಟರು, ಪೂರ್ತಿ ಫೈಲು ಕೇಳಿದರು. ಆದರೆ ಎರಡೇ ಮಾತಿನಲ್ಲಿ ನಮ್ಮ ಎರಡು ವಾರದ ಕೆಲಸವನ್ನು ಕೆಡವಿಹಾಕಿದರು.

"ನೀವು ಅಳದಿರೋ ಹಂಪು ಆವಾಗ ಅಲ್ಲಿರಲಿಲ್ರಿ. ಆಕ್ಸಿಡೆಂಟ್ ಆದ ವಾರಕ್ಕ ಹಳೇದು ಕಿತ್ತು ಹೊಸಾದು ಹಾಕ್ಯಾರ, ಬ್ಯಾರೆ ಜಾಗದಾಗ. ಹಳೇ ಹಂಪು ಎಲ್ಲಿತ್ತು ಅಂತ ಕಾಗದ ಇಲ್ಲ. ನಿಮ್ಮ ಮುನ್ನೂರು ಮೀಟರ್ ಹೋತು." ಆಮೇಲೆ ಲ್ಯಾಪ್‌ಟಾಪಿನತ್ತ ಬೆರಳು ಮಾಡಿದರು. "ಮತ್ತ ಇದು ಕೇಳ್ರಿ, ಟಕ ಟಕ ಅಂತ. ಸ್ಟೇರಿಂಗ್ ಬಿಟ್ಟು ತಾಳ ಹಾಕಾಕತ್ಯಾನ. ಇದನ್ನ ಕೋರ್ಟಿಗೆ ಕೊಟ್ರ ನಿಮಗ ನುಕ್ಸಾನ ಟೀಚರ್."

"ನುಕ್ಸಾನ ಆದ್ರ ಆಗ್ಲಿ ಸಾರ್. ಇಟ್ಕೊಳ್ರಿ," ಅಂದರು ಟೀಚರು. ಫೈಲಿನ ಪ್ರತಿ ಕೊಟ್ಟು, ಸ್ವೀಕೃತಿ ಬರೆಸಿಕೊಂಡೇ ಎದ್ದರು. ಕೇಸು ಮುಗಿಸುವ ಕಾಗದ ಕಳಿಸಲು ಹದಿನೈದು ದಿನ ತಡೆಯುತ್ತೇನೆ, ಅದಕ್ಕಿಂತ ಹೆಚ್ಚು ನನ್ನ ಕೈಲಿಲ್ಲ ಅಂದರು ಇನ್ಸ್‌ಪೆಕ್ಟರು.

ಬಸ್‌ಸ್ಟ್ಯಾಂಡಿನಲ್ಲಿ ಕೂಡ್ಲಿಗಿ ಬಸ್ಸಿಗೆ ಕಾಯುತ್ತಿದ್ದೆವು. ಒಂದು ಬಸ್ಸು ಒಳಗೆ ಬಂತು. ಗೇಟಿನ ಗುಂಡಿಯಲ್ಲಿ ಮುಂದಿನ ಗಾಲಿ ಇಳಿದು ದಡ್ ಅಂತು. ಸ್ವಲ್ಪ ಬಿಟ್ಟು ಹಿಂದಿನ ಗಾಲಿ ದಡ್ ಅಂತು. ನಾನು ಟೀಚರ ಕೈ ಹಿಡಿದುಕೊಂಡೆ.

"ಕೇಳಿದ್ರ್ಯಾ?"

"ಏನು?"

"ಸೇತುವಿ ಸಂದಿನ ಮ್ಯಾಗೂ ಎರಡ್ ಸಲ ದಡ್ ಅಂದಿರಬೇಕಲ್ರಿ. ಮುಂದಿನ ಗಾಲಿ, ಹಿಂದಿನ ಗಾಲಿ."

 ಅವರು ಎದ್ದೇ ನಿಂತರು. "ಗಾಲಿ ನಡುವಿನ ಅಂತರ! ಹಂಪು ಯಾರರ ಕೀಳಲಿ, ರಸ್ತಿ ಯಾರರ ಅಗಿಯಲಿ, ಕಾರಿನ ಗಾಲಿ ಯಾರೂ ಸರಸಾಕ ಆಗಂಗಿಲ್ಲ!"

ಕೂಡ್ಲಿಗಿ ಬಸ್ಸು ಬಂದು ಹೋಯಿತು. ನಾವು ಅಂಗಡಿಗೆ ಓಡಿದೆವು. ಸೇತುವೆಯ ಗೀರನ್ನು ಪರದೆ ತುಂಬ ಹಿಗ್ಗಿಸಿದೆ. ಒಂದು ಗೀರು ಅಂದುಕೊಂಡದ್ದು ಎರಡಾಗಿ ಬಿಚ್ಚಿಕೊಂಡಿತು. ನಡುವೆ ಒಂದು ಸೆಕೆಂಡನ್ನು ನೂರು ಪಾಲು ಮಾಡಿದರೆ ಇಪ್ಪತ್ನಾಲ್ಕು ಪಾಲಿನಷ್ಟು ಹೊತ್ತು. ಅದೇ ಮಾದರಿಯ ಕಾರು ನಮ್ಮ ಬೀದಿಯ ವಕೀಲರಲ್ಲಿತ್ತು. ಅದರ ಪಕ್ಕ ಕೂತು ಟೇಪು ಹಿಡಿದೆವು. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಎರಡು ಮೀಟರು ನಲವತ್ತು ಸೆಂಟಿಮೀಟರು. ಟೀಚರಿಗೆ ನೋಟ್‌ಬುಕ್ಕೂ ಬೇಕಾಗಲಿಲ್ಲ.

"ಸೆಕೆಂಡಿಗೆ ಹತ್ತು ಮೀಟರ್. ಮೂವತ್ತಾರು ಕಿಲೋಮೀಟರ್. ಅಷ್ಟ."

ಹಂಪಿನ ಲೆಕ್ಕಕ್ಕೂ ಇದಕ್ಕೂ ಒಂದೇ ಕಿಲೋಮೀಟರಿನ ವ್ಯತ್ಯಾಸ. ಹಂಪನ್ನು ಸರಿಸಿದ್ದರೂ ಬಹಳ ದೂರಕ್ಕೇನೂ ಸರಿಸಿರಲಿಲ್ಲ ಅಂತಾಯಿತು.

ಸೇತುವೆ ದಾಟಿದ ಮೇಲೂ ಮೆಸೇಜು ಇಪ್ಪತ್ತಾರು ಸೆಕೆಂಡು ಓಡುತ್ತದೆ. ಆಗ ವೇಗ ಏರಿಸಿರಬಹುದಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇದಕ್ಕೆ ನನ್ನ ಬಳಿ ಉತ್ತರವಿತ್ತು. ಗೇರು ಬದಲಾಗದಿದ್ದರೆ ಎಂಜಿನ್ನಿನ ಶ್ರುತಿ ವೇಗದ ಜೊತೆಗೇ ಏರುತ್ತದೆ. ಗೇರು ಬದಲಾದರೆ ಶ್ರುತಿ ಒಮ್ಮೆ ಕೆಳಗೆ ಬೀಳುತ್ತದೆ, ಇಲ್ಲಿ ಎಲ್ಲೂ ಬಿದ್ದಿರಲಿಲ್ಲ. ಸೇತುವೆಯ ಮೇಲಿನ ಗುಂಯ್ ಶಬ್ದವನ್ನು ಷಡ್ಜವೆಂದು ಹಿಡಿದು ಹಾರ್ಮೋನಿಯಂ ಒತ್ತಿಕೊಂಡು ಕೇಳಿದೆ. ಹುಡುಗಿಯ ಕೊನೆಯ ಮಾತಿನ ಹಿಂದೆ ಅದು ಗಾಂಧಾರಕ್ಕೆ ಏರಿತ್ತು, ಅದಕ್ಕಿಂತ ಮೇಲೆ ಹೋಗಿರಲಿಲ್ಲ.

"ಸ ದಿಂದ ಗ ಕ್ಕ ಎಷ್ಟ್ರಿ ಲೆಕ್ಕ?" ಟೀಚರು ಕೇಳಿದರು.

"ನಾಲ್ಕಕ್ಕ ಐದು."

"ಹಂಗಾದ್ರ ಮೂವತ್ತಾರು ಹೋಗಿ ನಲವತ್ತೈದಾತು."

ಆ ವೇಗದಲ್ಲಿ ಇಪ್ಪತ್ತಾರು ಸೆಕೆಂಡಿಗೆ ಸುಮಾರು ಮುನ್ನೂರು ಮೀಟರು ಕಳೆದರೆ, ಮೆಸೇಜು ಮುಗಿದ ಜಾಗದಿಂದ ಟ್ರೇಲರಿಗೆ ಇನ್ನೂರು ಮೀಟರು ಉಳಿದಿತ್ತು. ವಕೀಲರ ಕಾರನ್ನು ಬೇಡಿ ತೆಗೆದುಕೊಂಡು, ಬೆಳಗಿನ ಹೊತ್ತು ರಸ್ತೆ ಖಾಲಿ ಇರುವಾಗ, ಒಳಗೆ ಮೂರು ಜನರ ಭಾರ ಮಾಡಿಕೊಂಡು ನಾನೇ ಓಡಿಸಿದೆ. ನಲವತ್ತೈದರಿಂದ ಪೂರ್ತಿ ತುಳಿದರೂ ಆ ಏರಿನಲ್ಲಿ ಇನ್ನೂರು ಮೀಟರಿಗೆ ಎಪ್ಪತ್ತು ಮುಟ್ಟಲಿಲ್ಲ. ಮೂರು ಸಲ ಓಡಿಸಿದೆ, ಮೂರು ಸಲವೂ ಮುಟ್ಟಲಿಲ್ಲ. ತೊಂಬತ್ತಂತೆ!

ಉಳಿದದ್ದು ತಾಳ. ಎಂಜಿನ್ನಿನ ಕೆಳಗಿನ ಗುಂಯ್ ಶಬ್ದವನ್ನು ಇಳಿಸುತ್ತ, ಮಾತಿನ ಭಾಗವನ್ನು ಮಾತ್ರ ಎತ್ತುತ್ತ ಹೋದೆ. ವೇದಿಕೆಯ ಮೇಲೆ ಗದ್ದಲದ ನಡುವೆ ಹಾಡುವವರ ದನಿಯನ್ನು ಹೊರತೆಗೆಯುವುದೂ ಹೀಗೆಯೇ. ಮೊದಲು ತಂತಿಗಳು ಕೇಳಿದವು. ಪ್ರತಿ ಪೆಟ್ಟಿನ ಹಿಂದೆ ಗಿಟಾರಿನ ತಂತಿಗಳು ಸಣ್ಣಗೆ ಗುನುಗುತ್ತಿದ್ದವು. ಪೆಟ್ಟು ಬೀಳುತ್ತಿದ್ದದ್ದು ಸ್ಟೇರಿಂಗಿನ ಮೇಲಲ್ಲ, ಗಿಟಾರಿನ ಮರದ ಮೈಯ ಮೇಲೆ. ಅದು ಮುಂದಿನ ಎಡಗಡೆ ಸೀಟಿನಲ್ಲಿ, ಗಿಟಾರಿನವನ ಮಡಿಲಲ್ಲಿತ್ತು. ಇನ್ನಷ್ಟು ಎತ್ತಿದೆ. ತಾಳದ ನಡುವೆ, ಸ್ವಲ್ಪ ದೂರದಿಂದ, ಡ್ರಮ್ಸಿನವನ ದನಿ ಬಂತು:

"ಲೇ, ಎರಡನೇದು ತಪ್ಪಾಕತ್ತೈತಿ. ಕೈ ಎತ್ತಿ ಹೊಡೀಲೇ."

ಗಿಟಾರಿನವನು ನಗುತ್ತಾನೆ. "ಆತಪ್ಪಾ ಉಸ್ತಾದ್. ನೀ ರಸ್ತಿ ನೋಡು."

"ರಸ್ತೀನ ನೋಡಾಕತ್ತೀನಿ."

ಟೀಚರು ಅಂದು ಮೊದಲ ಸಲ ನನ್ನ ಎದುರು ಅತ್ತರು. ತಮ್ಮನ ದನಿ ಕೇಳಬೇಕೆಂದು ಬಂದಿದ್ದರಲ್ಲ, ಅದು ನಾನು ಕತ್ತರಿಸಿ ಬಿಸಾಕಿದ್ದ ಹದಿನೆಂಟು ಸೆಕೆಂಡಿನಲ್ಲೇ ಇತ್ತು.

ಈ ನಡುವೆ ಟ್ರೇಲರಿನ ಮಾಲೀಕ ನನ್ನ ಅಂಗಡಿಗೆ ಬಂದು ಹೋದ. ಬಿಳಿ ಅಂಗಿ, ಮೆತ್ತನೆಯ ಮಾತು. "ಅಕ್ಕಾರ, ವರ್ಷದಾಗ ಎಂಟ್ಹತ್ತು ಕಾರ್ಯಕ್ರಮ ನಮ್ಮವ ಇರ್ತಾವು. ಮೈಕು ಇನ್ಮ್ಯಾಲ ನಿಮ್ದ ಅಂತ ಮಾಡೀವಿ. ಸತ್ತವರ ಕೆದಕಿದ್ರ ಯಾರಿಗೇನ್ ಸಿಗ್ತೈತಿ?"

"ಮೈಕು ಬೇಕಂದ್ರ ಬ್ಯಾರೆಯವರ ಹತ್ರ ತಗೊಳ್ರಿ," ಅಂದೆ. "ಮತ್ತ ಟ್ರೇಲರ್ ಹಿಂದ ಕೆಂಪು ಪಟ್ಟಿ ಹಚ್ರಿ. ಅಷ್ಟರ ಮಾಡ್ರಿ."

"ಪಟ್ಟಿ ಇತ್ತ್ರಿ. ಎರಡು ಕಲ್ಲೂ ಇಟ್ಟಿದ್ವಿ."

"ಹಂಗಾದ್ರ ಮರುದಿನ ಬೆಳಗ್ಗೆ ಅಷ್ಟು ಅವಸರಕ್ಕ ಟ್ರೇಲರ್ ಯಾಕ ಎಳದ್ರಿ?"

ಅವನು ನಕ್ಕು ಎದ್ದುಹೋದ. ಮುಂದಿನ ವಾರ ನನ್ನ ಎರಡು ಕಾರ್ಯಕ್ರಮ ರದ್ದಾದವು. ಆಗಲಿ ಅಂದೆ.

ಇನ್ಸ್‌ಪೆಕ್ಟರು ಹೊಸ ಲೆಕ್ಕ ನೋಡಿ, ವಾಹನ ನಿರೀಕ್ಷಕರಿಗೂ ತೋರಿಸಿದರು. ಇಬ್ಬರೂ ತಪ್ಪು ಹುಡುಕಿದರು, ಸಿಗಲಿಲ್ಲ. ಆದರೆ ಕಂಪ್ಲೇಂಟಿನಲ್ಲಿ ಅತಿ ವೇಗ ಎಂದು ಬರೆದವರು ಗಿಟಾರಿನವನ ತಂದೆ. ಅವರು ಮರುಹೇಳಿಕೆ ಕೊಟ್ಟರೆ ತನಿಖೆಯ ದಾರಿಯೇ ಬದಲಾಗುತ್ತದೆ ಅಂದರು. ಹದಿನೈದು ದಿನದಲ್ಲಿ ಮೂರು ಉಳಿದಿದ್ದವು.

ಆ ತಂದೆಯ ಅಂಗಡಿ ಹರಪನಹಳ್ಳಿ ಮಾರುಕಟ್ಟೆಯಲ್ಲಿತ್ತು. ಸುತ್ತ ಮೆಕ್ಕೆಜೋಳದ ರಾಶಿ. ಹಣೆಯ ಮೇಲೆ ವಿಭೂತಿ, ಎದುರು ತಕ್ಕಡಿ. ಟೀಚರನ್ನು ನೋಡಿದ್ದೇ ಅವರ ಮುಖ ಗಂಟಾಯಿತು.

"ಈಕಿನ್ನ ಯಾಕ ಕರಕೊಂಡು ಬಂದಿ? ಈಕಿ ತಮ್ಮ ನನ್ನ ಮಗನ್ನ ತಿಂದಾನ."

"ಒಂದ್ಸಲ ಕೇಳ್ರಿ. ಆಮ್ಯಾಲ ಹೋಗಂದ್ರ ಹೋಗ್ತೀವಿ," ಅಂದೆ.

"ನಾ ಏನೂ ಕೇಳಂಗಿಲ್ಲ. ಆ ಟ್ರೇಲರ್‌ನವ್ರು ಮೂವತ್ತು ವರ್ಷದಿಂದ ನನ್ನ ಅಂಗಡಿಗೆ ಮಾಲು ಹಾಕೋರು. ಅವರ ಮುಂದ ನಾ ಯಾವ ಮಾರಿ ಇಟ್ಕೊಂಡು..."

ಟೀಚರು ಮುಂದೆ ಬಂದರು. ದನಿ ಏರಿಸಲಿಲ್ಲ. "ಕಾಕಾ, ನಿಮ್ಮ ಮಗ ನಮ್ಮ ಮನ್ಯಾಗ ಉಂಡಾನ. ನನ್ನ ತಮ್ಮ ಅವನನ್ನ ಎದಿಗೆ ಹಚ್ಕೊಂಡು ಬಾರಸಾಕ ಕಲಿಸ್ಯಾನ. ಕೊಂದಾನ ಅನ್ನೂಕಿಂತ ಮುಂಚೆ ನಿಮ್ಮ ಮಗ ಏನಂತಾನ ಅನ್ನೂದನ್ನರ ಕೇಳ್ರಿ. ಅವನೂ ಆ ಕಾರಿನಾಗ ಇದ್ದ."

ಅವರು ಹೋಗಿ ಎನ್ನಲಿಲ್ಲ. ಮೇಜಿನ ಮೇಲೆ ಸಣ್ಣ ಸ್ಪೀಕರ್ ಇಟ್ಟು ಪೂರ್ತಿ ಎರಡು ನಿಮಿಷ ಹತ್ತು ಸೆಕೆಂಡು ಹಾಕಿದೆ. ಮಗನ ಹಾಡು ಶುರುವಾದ ಕೂಡಲೇ ಅವರು ತಲೆ ತಗ್ಗಿಸಿದರು. ಚೀಲ ಹೊರುತ್ತಿದ್ದ ಹಮಾಲರು ಇದ್ದಲ್ಲೇ ನಿಂತರು. ತಾಳ ಬಂತು. ಎರಡನೇದು ತಪ್ಪಾಕತ್ತೈತಿ ಎಂಬ ಮಾತು ಬಂತು. ಮಗನ ನಗು ಬಂತು. ರಸ್ತೀನ ನೋಡಾಕತ್ತೀನಿ ಎಂಬುದು ಬಂತು. ಹುಡುಗಿಯ ಮಾತು ಮುಗಿದು ಶಬ್ದ ನಿಂತಿತು.

ಅವರು ತಲೆ ಎತ್ತಿ ಕೇಳಿದರು, "ಎಷ್ಟರಾಗ ಹೊಂಟಿದ್ರು?"

"ನಲವತ್ತೈದು," ಅಂದರು ಟೀಚರು. ನೋಟ್‌ಬುಕ್ ತೆರೆದು, ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ಒಂದೊಂದೇ ಹೆಜ್ಜೆ ಹೇಳಿದರು. ಆ ತಂದೆ ಜೀವನವಿಡೀ ಲೆಕ್ಕ ಮಾಡಿದ ಮನುಷ್ಯ. ಎರಡು ಕಡೆ ತಡೆದು ಪ್ರಶ್ನೆ ಕೇಳಿದರು. ಗಾಲಿಯ ಅಂತರದ ಬಳಿ ಬಂದಾಗ ತಲೆಯಾಡಿಸಿದರು.

"ಮಂದಿ ಹೇಳಿದ್ದು ಕೇಳಿ ಬರೆಸಿದ್ನವ್ವಾ," ಅಂದರು. "ನನ್ನ ಮಗನ ಮ್ಯಾಲ ಸಿಟ್ಟು ಮಾಡ್ಕೊಳ್ಳಾಕ ಆಗಲಿಲ್ಲ, ನಿನ್ನ ತಮ್ಮನ ಮ್ಯಾಲ ಮಾಡ್ಕೊಂಡೆ." ಅಂಗಿ ಹಾಕಿಕೊಂಡು ಆವತ್ತೇ ನಮ್ಮ ಜೊತೆ ಸ್ಟೇಷನ್ನಿಗೆ ಬಂದರು.

ಕೇಸು ಮುಚ್ಚಲಿಲ್ಲ. ಡ್ರಮ್ಸಿನವನ ಹೆಸರು ಆರೋಪಿಯ ಜಾಗದಿಂದ ಹೋಯಿತು. ಆ ಜಾಗಕ್ಕೆ ಟ್ರೇಲರಿನ ಚಾಲಕ ಮತ್ತು ಮಾಲೀಕನ ಹೆಸರು ಬಂತು. ಡ್ರಮ್ಸಿನವನ ರಕ್ತದ ವರದಿ ಅದಾದ ಮೇಲೆ ಬಂತು, ಹೆಂಡದ ಸುಳಿವೇ ಇರಲಿಲ್ಲ. ಆ ಹುಡುಗಿಯ ಬಗ್ಗೆ ಆಡಿಕೊಂಡವರು ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ. ಅಂಥವರು ಎದುರು ಸಿಕ್ಕರೆ ನಾನು ಈಗಲೂ ನಿಲ್ಲಿಸಿ ಹೇಳುತ್ತೇನೆ. ವಿಚಾರಣೆ ನಡೆಯುತ್ತಿದೆ. ಮಾಲೀಕನ ಪರ ವಕೀಲರು ನಿನಗೇನು ಡಿಗ್ರಿ ಇದೆ ಎಂದು ಕಟಕಟೆಯಲ್ಲಿ ನಿಂತ ನನ್ನನ್ನು ಕೇಳಿದರು. ಇಲ್ಲ ಎಂದೆ. ಗಾಲಿಯ ಅಂತರವನ್ನು ನೀವೇ ಅಳೆದು ನೋಡಿ ಎಂದೆ.

ಮೆಕ್ಕೆಜೋಳದ ಸುಗ್ಗಿ ಬಂದಾಗ ಟೀಚರು ರಜೆ ಹಾಕಿ ಬಂದರು. ಕೈಯಲ್ಲಿ ಹೊಳೆಯುವ ಕೆಂಪು ಪಟ್ಟಿಯ ಸುರುಳಿಗಳು. ಮಾರುಕಟ್ಟೆಯ ಗೇಟಿನಲ್ಲಿ ಇಬ್ಬರೂ ನಿಂತು, ಒಳಗೆ ಬರುವ ಒಂದೊಂದೇ ಟ್ರೇಲರಿನ ಹಿಂದೆ ಅಂಟಿಸುತ್ತ ಹೋದೆವು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕೆಲವು ಚಾಲಕರು ಬೈದರು, ಹೆಚ್ಚಿನವರು ಸುಮ್ಮನಿದ್ದರು. ಮೂರನೆಯ ದಿನ ಆ ಮಾಲೀಕನ ಟ್ರೇಲರು ಬಂತು. ಹಿಂದೆ ಬರೀ ತುಕ್ಕು. ಚಾಲಕ ಬೇರೆಯವನು. ಕೆಳಗಿಳಿದು ಅಡ್ಡ ನಿಂತ.

"ನಮ್ಮ ಸಾಹುಕಾರ್ರು ಹಚ್ಚಬ್ಯಾಡ ಅಂದಾರ್ರಿ."

ಒಳಗಿನಿಂದ ಗಿಟಾರಿನವನ ತಂದೆ ಬಂದರು. ತಮ್ಮ ಹಮಾಲರ ಕಡೆ ತಿರುಗಿ, ಇಡೀ ಮಾರುಕಟ್ಟೆಗೆ ಕೇಳುವಂತೆ ಕೂಗಿದರು: "ಹಿಂದ ಪಟ್ಟಿ ಇಲ್ಲದ ಗಾಡಿಯಿಂದ ನನ್ನ ಅಂಗಡಿಯಾಗ ಒಂದು ಚೀಲಾನೂ ಇಳಸಬ್ಯಾಡ್ರಿ! ಯಾರದರ ಇರಲಿ!"

ಚಾಲಕ ಅವರನ್ನು ನೋಡಿದ, ನಮ್ಮನ್ನು ನೋಡಿದ. ಫೋನು ತೆಗೆದ, ಮತ್ತೆ ಜೇಬಿಗೆ ಹಾಕಿದ. ಆಮೇಲೆ ಪಕ್ಕಕ್ಕೆ ಸರಿದ.

ಟೀಚರು ಸೆರಗು ಸಿಕ್ಕಿಸಿಕೊಂಡು, ತುಕ್ಕನ್ನು ಅಂಗೈಯಿಂದ ಒರೆಸಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕೆಂಪು ಪಟ್ಟಿಯನ್ನು ಎಳೆದು ಅಂಟಿಸಿದರು. ಗಾಳಿ ನಿಲ್ಲದ ಹಾಗೆ ಉಗುರಿನಿಂದ ಒತ್ತಿದರು. ನಾನು ಕತ್ತರಿ ಕೊಟ್ಟೆ. ಅವರು ಪಟ್ಟಿ ಕತ್ತರಿಸಿ, ಹಿಂದೆ ಸರಿದು ನೋಡಿ, ಮುಂದಿನ ಟ್ರೇಲರಿಗೆ ಕೈ ಬೀಸಿದರು.